ಹೊಗೆಗೆ ನಮ್ಮ ಗಾಳಿ

ಐಸ್ ಪ್ಲಾಂಟಿನ ಆಫೀಸಿನಲ್ಲಿ, ನನ್ನ ಮೇಜಿನೆದುರಿನ ಗೋಡೆಗೆ,
ನಾನು ಕೆಲಸಕ್ಕೆ ಸೇರುವ ಮೊದಲಿಂದಲೂ ತೂಗುತ್ತಿದೆ
ಒಂದು ಬಂದರಿನ ಚಿತ್ರ.
ಯಾವ ದೇಶದ್ದೋ. ಬರೆದವನ ಹೆಸರು
ಚೌಕಟ್ಟಿನ ಮರದಡಿ ಸಿಕ್ಕಿಕೊಂಡು
ಕೊನೆಯ ಎರಡಕ್ಷರ ಮಾತ್ರ ಹೊರಗೆ,
ದೋಣಿಯಿಂದ ಜಾರಿದ ಹಗ್ಗದಂತೆ.

ಹಿಂದಿನ ಕಿಟಕಿ ತೆರೆದರೆ ಮಂಜೇಶ್ವರದ್ದೇ ಬಂದರು.
ಹತ್ತೊಂಬತ್ತು ವರ್ಷ
ಅದಕ್ಕೆ ಬೆನ್ನು ಹಾಕಿ ಕೂತು ಬರೆದಿದ್ದೇನೆ
ಯಾವ ಬೋಟಿಗೆ ಎಷ್ಟು ಗಡ್ಡೆ ಐಸು,
ಯಾರದು ನಗದು, ಯಾರದು ಸಾಲ.

"ಅದನ್ನೇ ಬರೆಯಬಾರದಾ, ಜಲಜಾಕ್ಷಿ?"
ಮೊದಲ ಶನಿವಾರ ಐತ್ತಪ್ಪ ಮಾಸ್ಟ್ರು ಕೇಳಿದರು.
ಅದು ಒಂದು ಕಡೆ ನಿಲ್ಲುವುದಿಲ್ಲ ಮಾಸ್ಟ್ರೇ, ಎಂದೆ.
"ಹಾಗಾದರೆ ನಿಂತದ್ದನ್ನು ಮೊದಲು ಕಲಿ."

ಗೆರೆ ಎಳೆಸಿದರು. ಅಡ್ಡಕ್ಕೆ ಎಂಟು, ಉದ್ದಕ್ಕೆ ಆರು.
ನಲವತ್ತೆಂಟು ಕಣ್ಣಿನ ಬಲೆ.
ಒಂದು ಕಣ್ಣಿನಲ್ಲಿ ಹುಟ್ಟಿನ ತುದಿ,
ಒಂದರಲ್ಲಿ ಯಾರದೋ ಮೊಣಕೈ,
ಒಂಬತ್ತರಲ್ಲಿ ಏನೂ ಇಲ್ಲ,
ಬರೀ ನೀರು.

ನೀರೇ ಕಷ್ಟ.
ಟ್ಯೂಬ್ ಹಿಂಡಿ ನೀಲಿ ಬಳಿದೆ.
"ಯಾಕೆ ನೀಲಿ?"
ಸಮುದ್ರ ಅಲ್ವಾ ಮಾಸ್ಟ್ರೇ.
"ಚಿತ್ರದಲ್ಲಿ ಎಲ್ಲುಂಟು, ತೋರಿಸು."
ಹುಡುಕಿದೆ. ಇರಲಿಲ್ಲ.
ಹಲಸಿನ ಹಣ್ಣೆಲೆಯ ಹಳದಿ ಇತ್ತು, ಗಂಜಿ ತಿಳಿಯ ಬೂದು ಇತ್ತು,
ಬೂತಾಯಿಯ ಬೆನ್ನಿನ ಒಂದು ಹಸಿರಿತ್ತು,
ಗಟ್ಟಿ ನೋಡಿದರೆ ಮಾಯ.
ಅಮ್ಮ ಜೀವಮಾನವಿಡೀ ಮೀನಿನ ಬುಟ್ಟಿ ಹೊತ್ತವಳು,
ಅವಳಲ್ಲಿ ಕೇಳಿದೆ: ಸಮುದ್ರದ ಬಣ್ಣ ಯಾವುದು?
"ಯಾವತ್ತಿನದ್ದು?" ಎಂದಳು.

"ಹೆಸರು ಗೊತ್ತಾದ ಕೂಡಲೇ ಕಣ್ಣು ಮೈಗಳ್ಳ ಆಗ್ತದೆ,"
ಮಾಸ್ಟ್ರು ಹೇಳಿದರು,
"ಎರಡನ್ನೂ ತಲೆಕೆಳಗೆ ಇಡು."
ಇಟ್ಟೆ. ಹಾಯಿಗಳು ಒಗೆದು ಹಾಕಿದ ಬೈರಾಸು,
ಗೋಪುರ ಬಾವಿಗಿಳಿವ ಕೊಡ,
ಹುಟ್ಟು ಹಾಕುವ ಮನುಷ್ಯ ಬಾವಲಿ.
ಹೆಸರಿಲ್ಲದ ಸಾಮಾನು ಹೊತ್ತು
ಚೌಕದಿಂದ ಚೌಕಕ್ಕೆ ನಡೆದೆ
ಚೌತಿ ಕಳೆದು, ದೀಪಾವಳಿ ಕಳೆದು, ವಿಷು ಬರುವವರೆಗೆ.

ಸಂಜೆ ನಾಲ್ಕಕ್ಕೆ ಅಂಗಡಿಯಿಂದ ಚಾಯ ಬರುತ್ತದೆ.
ಮಲಯಾಳದಲ್ಲಿ ಚಾಯ ಕುಡಿಯುವಂಥದ್ದು,
ಚಾಯಂ ಬಳಿಯುವಂಥದ್ದು.
ನಡುವೆ ಒಂದೇ ಒಂದು ಸೊನ್ನೆ.
ಕುಂಚ ಎಷ್ಟು ಸಲ ತಪ್ಪು ಗ್ಲಾಸಿಗೆ ಇಳಿದಿದೆಯೋ ಲೆಕ್ಕವಿಟ್ಟಿಲ್ಲ,
ಲೆಕ್ಕದವಳಾಗಿಯೂ.

ಜೂನಿನಲ್ಲಿ ಟ್ರಾಲಿಂಗ್ ನಿಷೇಧ.
ಬೋಟುಗಳೆಲ್ಲ ಹೆಗಲಿಗೆ ಹೆಗಲು ಕೊಟ್ಟು ಕಟ್ಟಿಬಿದ್ದವು.
ಐಸು ಬೇಡದ ದಿನ ಬಂದರು ಅಂದುಞಿಚ್ಚ,
ಹಳೆ ಬಾಕಿಯ ಮಾತಿಗೆ.
ಮಾತು ಬಿಟ್ಟು, ಕನ್ನಡಕ ಏರಿಸಿ,
ನನ್ನ ಬಂದರನ್ನು ನೋಡಿದರು ತುಂಬ ಹೊತ್ತು.

"ಒಳ್ಳೇದುಂಟು. ಆದ್ರೆ ಮೋಳೇ,
ಹಾಯಿ ತುಂಬಿದ್ದು ಈಚೆ ಕಡೆಗೆ,
ಹೊಗೆ ಯಾಕೆ ಆಚೆ ಹೋಗ್ತದೆ?
ಹಾಯಿಗೆ ಅವರ ಊರಿನ ಗಾಳಿ,
ಹೊಗೆಗೆ ನಮ್ಮದಾ?"

ಗೋಡೆಯ ಚಿತ್ರ ನೋಡಿದೆ. ಅಲ್ಲಿ ಸರಿಯಾಗಿತ್ತು.
ಹದಿಮೂರನೇ ಚೌಕ.
ಆ ಒಂದು ಸಂಜೆ, ಅಮ್ಮನಿಗೆ ಜ್ವರ ಎಂದು
ಫೋನು ಬಂದು ಎದ್ದು ಹೋಗಿ,
ಮರಳಿ ಕೂತಾಗ ತಿರುಗಿಸಲು ಮರೆತು
ತಲೆ ಮೇಲಾಗಿಯೇ ಬರೆದಿದ್ದೆ.
ಏಳು ತಿಂಗಳು ನಾನೂ ಕಂಡಿಲ್ಲ, ಮಾಸ್ಟ್ರೂ ಕಂಡಿಲ್ಲ.
ಓದಿದ್ದು ಎರಡನೇ ಕ್ಲಾಸು, ಅಂದುಞಿಚ್ಚ ಕಂಡರು.

ತಿದ್ದಲು ಬೂದು ಬಣ್ಣ ಕಲಸಿದೆ.
ಕಲಸಿದ್ದು ಒಣಗುತ್ತ ಬಂತು.
ಅಂದುಞಿಚ್ಚ ಕಿಟಕಿಗೆ ಒರಗಿ
ತಮ್ಮ ಬೋಟು ಯಾವುದೆಂದು ಬೆರಳು ಮಾಡುತ್ತಿದ್ದರು,
ಅಷ್ಟರಲ್ಲಿ ಅಡುಗೆಗೆ ಒಲೆ ಹಚ್ಚಿದರು ಯಾರೋ ಡೆಕ್ಕಿನ ಮೇಲೆ,
ಹೊಗೆ ನೆಟ್ಟಗೆ ಎದ್ದು, ಸ್ವಲ್ಪ ಯೋಚಿಸಿ,
ತೆಂಕಕ್ಕೆ ಬಾಗಿತು.

ಕುರ್ಚಿ ತಿರುಗಿಸಿದೆ.
ನಿಂತಿದೆ ಅಂದುಕೊಂಡದ್ದು ನಿಂತಿರಲಿಲ್ಲ,
ಕಟ್ಟಿದ ಹಗ್ಗದಷ್ಟು ಉದ್ದಕ್ಕೆ
ಪ್ರತಿ ಬೋಟೂ ಹೋಗಿ ಬರುತ್ತಿತ್ತು.

ಹೊಸ ಹಾಳೆ. ಗೆರೆ ಎಳೆಯಲಿಲ್ಲ.
ಕೈ ಚಾಚಿ ಗ್ಲಾಸು ಎತ್ತಿ ಒಂದು ಗುಟುಕು ಕುಡಿದೆ.
ಚಾಯ ಅಲ್ಲ.
ಅಂದುಞಿಚ್ಚ ನಗುತ್ತಿದ್ದರು, ನಾನು ಉಗುಳಲು ಜಾಗ ಹುಡುಕುತ್ತಿದ್ದೆ,
ಹೊರಗೆ ಹೊಗೆ ಆಗಲೇ ಬೇರೆ ಕಡೆ ವಾಲಿತ್ತು.